ಬಾಡಿಗೆದಾರ ಮನೆ ಬಿಡದಿದ್ದಾಗ

ಬಾಡಿಗೆದಾರ ಊರಿಗೆ ಹೋದ ಹೊತ್ತು ನೋಡಿ ಬಾಗಿಲಿಗೆ ಬೇರೆ ಕೀಲಿ ಜಡಿಯುವುದು, ನೀರಿನ ವಾಲ್ವ್ ತಿರುಗಿಸುವುದು, ಮೀಟರಿನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಳ್ಳುವುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಮನೆ ಬಿಡಿಸುವ ಮಾತು ಬಂದರೆ ಕಟ್ಟೆಯ ಮೇಲೆ ಮೊದಲು ಕೇಳಿಬರುವ ಸಲಹೆಗಳು ಇವೇ. ಇವುಗಳಲ್ಲಿ ಯಾವುದನ್ನು ಮಾಡಿದರೂ ಮಾಲೀಕ ತನ್ನ ಕೇಸನ್ನು ತಾನೇ ಕೆಡಿಸಿಕೊಂಡಂತೆ. ಬಾಡಿಗೆ ಬಾಕಿ ಇಟ್ಟವನು, ಕರಾರು ಮುಗಿದರೂ ಕುಳಿತವನು ಆ ದಿನದಿಂದ ಅನ್ಯಾಯಕ್ಕೆ ಒಳಗಾದವನಾಗುತ್ತಾನೆ. ಮಾಲೀಕ ಠಾಣೆಗೂ ಕೋರ್ಟಿಗೂ ಅಲೆಯುವ ಆರೋಪಿಯಾಗುತ್ತಾನೆ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದಕ್ಕೆ ಕಾರಣ. ಕಾನೂನಿನ ದಾರಿ ಬಿಟ್ಟು ಯಾರನ್ನಾದರೂ ಸ್ಥಿರಾಸ್ತಿಯಿಂದ ಹೊರಹಾಕಿದರೆ ಅವರು 6 ತಿಂಗಳೊಳಗೆ ದಾವೆ ಹಾಕಿ ಕಬ್ಜೆ ವಾಪಸು ಪಡೆಯಬಹುದು. ಆ ದಾವೆಯಲ್ಲಿ ಆಸ್ತಿ ಯಾರದು ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಒಳಗೆ ಯಾರಿದ್ದರು, ಅವರನ್ನು ಹೇಗೆ ಹೊರಗೆ ಹಾಕಲಾಯಿತು ಎಂಬುದಷ್ಟೇ ವಿಚಾರಣೆ. ಅದರಲ್ಲಿ ಬಂದ ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ. ನೆಲೆಯೂರಿ ಕಬ್ಜೆಯಲ್ಲಿ ಇರುವವರನ್ನು ನಿಜವಾದ ಮಾಲೀಕನೂ ತೋಳ್ಬಲದಿಂದ ಎಬ್ಬಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕೃಷ್ಣರಾಮ ಮಹಾಲೆ ಪ್ರಕರಣದಲ್ಲಿ 1989ರಲ್ಲಿ, ನಮ್ಮದೇ ರಾಜ್ಯದಿಂದ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ 2003ರ ಡಿಸೆಂಬರಿನಲ್ಲಿ ಬಂದ ತೀರ್ಪುಗಳನ್ನು ವಕೀಲರು ಇಂದಿಗೂ ಬಾಡಿಗೆದಾರರ ಪರವಾಗಿ ಮುಂದಿಡುತ್ತಾರೆ.

ಸಾಮಾನು ಹೊರಗೆ ಎಸೆದರೆ ಕಳವು, ನಷ್ಟದ ದೂರು ಬರುತ್ತದೆ. ಸಿಟ್ಟಿನಲ್ಲಿ ಬಾಯಿ ಜಾರಿ ಜಾತಿಯ ಮಾತು ಬಂದರೆ ಪರಿಸ್ಥಿತಿ ಇನ್ನೂ ಗಂಭೀರ. ಪರಿಶಿಷ್ಟ ಜಾತಿ, ಪಂಗಡದವರನ್ನು ಅಕ್ರಮವಾಗಿ ಮನೆಯಿಂದ ಹೊರಹಾಕುವುದು ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. ಹಾಗಾಗಿ ಬಾಡಿಗೆದಾರ ಎಷ್ಟೇ ಕೆಣಕಲಿ, ಬಾಗಿಲು, ನೀರು, ಲೈಟು ಈ ಮೂರನ್ನು ಮುಟ್ಟಬೇಡಿ. ಏನೇ ಹೇಳುವುದಿದ್ದರೂ ಕಾಗದದಲ್ಲಿ ಹೇಳಿ.

ಬಾಡಿಗೆದಾರ ಯಾಕೆ ಕೊಡುತ್ತಿಲ್ಲ?

ನೋಟಿಸಿಗೆ ಮುಂಚೆ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು. ಈ ಐದು ತಾಲ್ಲೂಕುಗಳಲ್ಲಿ ಬಾಡಿಗೆಯ ಹಣ ನಡೆಯುವುದು ಕಬ್ಬು, ತಂಬಾಕು, ಕೃಷ್ಣಾ ನದಿ ಇವುಗಳ ಲೆಕ್ಕದ ಮೇಲೆ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿ, ಬೀಡಿಯ ಕೂಲಿ. ಉಗಾರ, ಅಥಣಿ, ರಾಯಬಾಗದ ಕಡೆ ಸಕ್ಕರೆ ಕಾರ್ಖಾನೆ. ಚಿಕ್ಕೋಡಿಯಲ್ಲಿ ಕಾಲೇಜು, ಸರಕಾರಿ ಕಚೇರಿ, ಆಸ್ಪತ್ರೆ. 2005ರಲ್ಲೂ 2019ರ ಆಗಸ್ಟಿನಲ್ಲೂ ಹೊಳೆ ಏರಿದಾಗ ದಂಡೆಯ ಊರುಗಳ ಮಂದಿ ಮನೆ ಬಿಟ್ಟು ಬರಬೇಕಾಯಿತು. ಅಂಥವರಿಗೆ ಪಟ್ಟಣದ ಬಾಡಿಗೆ ಖೋಲಿಯೇ ಆಸರೆ.

ಕಬ್ಬು ಹೋದ 14 ದಿನದೊಳಗೆ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ ತಡವಾದರೆ ರೈತನ ಮನೆಯಷ್ಟೇ ಅಲ್ಲ, ಟ್ರ್ಯಾಕ್ಟರಿನ ಚಾಲಕ, ಗ್ಯಾರೇಜಿನವನು, ಕಿರಾಣಿ ಅಂಗಡಿಯವನು ಎಲ್ಲರ ಕೈಯೂ ಖಾಲಿ. “ಕಾಕಾ, ಇನ್ನೊಂದ ತಿಂಗಳಾ ತಡೀರಿ, ಫ್ಯಾಕ್ಟರಿ ಬಿಲ್ ಬಂದ ಕೂಡ್ಲೆ ಎಲ್ಲಾ ಕೂಡಿಸಿ ಕೊಡ್ತೇನ್ರಿ” ಎನ್ನುವ ಬಾಡಿಗೆದಾರನ ಮಾತು ನಿಜವಿರಬಹುದು. ನಾಲ್ಕು ವರ್ಷ ಸರಿಯಾಗಿ ಕೊಟ್ಟವನು ಈ ವರ್ಷ ಎರಡು ತಿಂಗಳು ತಪ್ಪಿದರೆ ಅವನನ್ನು ಕೋರ್ಟಿಗೆ ಎಳೆಯುವುದು ನಷ್ಟದ ಕೆಲಸ. ಬಾಕಿ ಎಷ್ಟು, ಯಾವ ತಿಂಗಳದ್ದು, ಯಾವಾಗ ಕೊಡುತ್ತಾನೆ ಎಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಮುಂದೆ ಕೇಸು ಆದರೂ ಆ ಹಾಳೆ ನಿಮ್ಮ ಕೈಯಲ್ಲಿ ಒಳ್ಳೆಯ ಪುರಾವೆ. ಬಾಡಿಗೆ ಬಾಕಿಯನ್ನು 3 ವರ್ಷದೊಳಗೆ ಕೇಳದಿದ್ದರೆ ಆ ಹಣ ಕಾಲಮಿತಿಗೆ ಹೊರಗಾಗುತ್ತದೆ. ಅವಧಿ ಮುಗಿಯುವ ಮೊದಲೇ ಇಂಥ ಲಿಖಿತ ಒಪ್ಪಿಗೆ ಸಿಕ್ಕರೆ ಆ ತಾರೀಖಿನಿಂದ ಹೊಸದಾಗಿ ಎಣಿಕೆ ಶುರು.

ಇನ್ನೊಂದು ಬಗೆಯ ಬಾಡಿಗೆದಾರನಿದ್ದಾನೆ. ಅವನ ಬಳಿ ಹಣವಿದೆ, ಊರಲ್ಲಿ ಮನೆಯೂ ಇರಬಹುದು. ಮುಖ್ಯ ಪೇಟೆಯ ಗಾಳಾ ಕಡಿಮೆ ಬಾಡಿಗೆಗೆ ಸಿಕ್ಕಿದೆ, ಬಿಡಲು ಮನಸ್ಸಿಲ್ಲ. “ಬಿಡೂದಿದ್ರ ಇಷ್ಟ ಕೊಡ್ರಿ” ಎಂದು ಮಾಲೀಕನಿಂದಲೇ ದುಡ್ಡು ಕೇಳುತ್ತಾನೆ. ಇವನೊಂದಿಗೆ ತಿಂಗಳುಗಟ್ಟಲೆ ಮಾತಾಡುತ್ತ ಕೂಡುವುದರಿಂದ ಪ್ರಯೋಜನವಿಲ್ಲ. ಒಂದು ಸಲ ಹಿರಿಯರ ಮುಂದೆ ಹೇಳಿ, ಆಮೇಲೆ ಸೀದಾ ವಕೀಲರ ಬಳಿಗೆ ಹೋಗುವುದು ಒಳ್ಳೆಯದು.

ಗಡಿಯಾಚೆಯ ಕಾನೂನು ಈಚೆ ನಡೆಯದು

ನಮ್ಮ ಭಾಗದ ಮಾಲೀಕರು ಹೆಚ್ಚು ಮೋಸಹೋಗುವುದು ಇಲ್ಲಿ. ನಿಪ್ಪಾಣಿಯವರ ಬೀಗರು ಕೊಲ್ಹಾಪುರ, ಇಚಲಕರಂಜಿಯಲ್ಲಿ. ಕಾಗವಾಡ, ಅಥಣಿಯವರ ನೆಂಟಸ್ತಿಕೆ ಮಿರಜ, ಸಾಂಗಲಿಯಲ್ಲಿ. ಅಲ್ಲಿ ಮನೆ ಕೊಡುವವರು ‘ಲೀವ್ ಅಂಡ್ ಲೈಸೆನ್ಸ್’ ಕರಾರು ಮಾಡುತ್ತಾರೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಅದಕ್ಕೆ ವಿಶೇಷ ಬಲವಿದೆ: ಕರಾರು ನೋಂದಣಿ ಆಗಲೇಬೇಕು, ಅವಧಿ ಮುಗಿದರೂ ಬಿಡದ ವಾಸದ ಮನೆಯವರನ್ನು ಸಕ್ಷಮ ಪ್ರಾಧಿಕಾರದ ಮುಂದೆ ಹೋಗಿ ಬೇಗ ಬಿಡಿಸಬಹುದು. ಬೀಗರ ಮನೆಯಲ್ಲಿ ಇದನ್ನು ಕಂಡವರು ಅದೇ ಮರಾಠಿ ನಮೂನೆ ತಂದು, ಕೆಲವೊಮ್ಮೆ ಅಲ್ಲಿಯದೇ ಬಾಂಡ್ ಕಾಗದ ತಂದು, ಕರ್ನಾಟಕದ ಮನೆಗೆ ಕರಾರು ಬರೆಸುತ್ತಾರೆ.

ಕರ್ನಾಟಕದಲ್ಲಿ ಆ ಪ್ರಾಧಿಕಾರವೂ ಇಲ್ಲ, ಆ ಬೇಗದ ದಾರಿಯೂ ಇಲ್ಲ. ಕರಾರಿನ ತಲೆಬರಹ ಏನೇ ಇರಲಿ, ಮನೆಯ ಪೂರ್ಣ ಕಬ್ಜೆ ಕೊಟ್ಟು ತಿಂಗಳಿಗೆ ಇಷ್ಟು ಎಂದು ಹಣ ಪಡೆದಿದ್ದರೆ ನ್ಯಾಯಾಲಯ ಅದನ್ನು ಬಾಡಿಗೆ ಎಂದೇ ನೋಡಬಹುದು. ಇಲ್ಲಿಯ ಆಸ್ತಿಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಶುಲ್ಕ ಕಡಿಮೆ ಬಿದ್ದ ಕಾಗದವನ್ನು ಕೋರ್ಟಿನಲ್ಲಿ ಹಾಜರುಪಡಿಸಿದರೆ ಅದನ್ನು ತಡೆಹಿಡಿದು, ಬಾಕಿ ಶುಲ್ಕದ ಜತೆಗೆ ಅದರ 10 ಪಟ್ಟು ದಂಡ ಕಟ್ಟಿದ ಮೇಲಷ್ಟೇ ಸಾಕ್ಷ್ಯವಾಗಿ ಒಪ್ಪುತ್ತಾರೆ. ಇ-ಸ್ಟ್ಯಾಂಪ್ ನಮ್ಮೂರಲ್ಲೇ ಸಿಗುವಾಗ ಗಡಿ ದಾಟುವ ಅಗತ್ಯವೇ ಇಲ್ಲ.

ಹಾಗಾದರೆ ಇಲ್ಲಿ ಯಾವ ಕಾನೂನು? ಈ ಭಾಗ ಮುಂಬೈ ರಾಜ್ಯದಲ್ಲಿದ್ದಾಗ 1947ರ ಮುಂಬೈ ಬಾಡಿಗೆ ಕಾಯ್ದೆ ಇತ್ತು, ನಂತರ 1961ರ ನಮ್ಮ ರಾಜ್ಯದ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಹಳೆಯ ಮಂದಿಯ ಬಾಯಲ್ಲಿ ಇನ್ನೂ ಅವುಗಳ ಮಾತೇ ಇದೆ. ಅವೆರಡೂ ಈಗಿಲ್ಲ. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವುದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಆದರೆ ಅದರ ಹಿಡಿತ ಸಣ್ಣದು. ದೊಡ್ಡ ನಗರಗಳನ್ನು ಬಿಟ್ಟರೆ ಉಳಿದ ಕಡೆ ತಿಂಗಳ ಬಾಡಿಗೆ 2,000 ರೂಪಾಯಿ ಮೀರಿದ ವಾಸದ ಮನೆ ಆ ಕಾಯ್ದೆಯ ಹೊರಗೆ. 14 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಯೂ ಹೊರಗೆ. ಇವತ್ತು ಚಿಕ್ಕೋಡಿಯಲ್ಲಿ ಸಂಸಾರ ಹೂಡುವಂಥ ಮನೆ 2,000 ರೂಪಾಯಿಗೆ ಸಿಗುವುದು ಕಷ್ಟ. ಹೀಗಾಗಿ ನಮ್ಮ ಊರುಗಳ ಹೆಚ್ಚಿನ ತಕರಾರುಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಪ್ರಕಾರ ಮಾಲೀಕ “ನನ್ನ ಮಗನ ಮದುವೆ ಇದೆ, ನನಗೇ ಮನೆ ಬೇಕು” ಎಂದು ಕಾರಣ ಸಾಬೀತುಮಾಡಬೇಕಾಗಿಲ್ಲ. ಬಾಡಿಗೆ ಸಂಬಂಧವನ್ನು ಸರಿಯಾದ ನೋಟಿಸಿನಿಂದ ಮುಗಿಸಿದ್ದೇನೆ ಎಂದು ತೋರಿಸಿದರೆ ಸಾಕು.

ತೀರ ಕಡಿಮೆ ಬಾಡಿಗೆಯ ಹಳೆಯ ಮನೆ, ಸಣ್ಣ ಅಂಗಡಿ ಇದ್ದರೆ ನಿಮ್ಮ ಊರು 1999ರ ಕಾಯ್ದೆಯ ಪರಿಶಿಷ್ಟದೊಳಗೆ ಬರುತ್ತದೆಯೇ ಎಂದು ವಕೀಲರಿಂದ ಮೊದಲೇ ನೋಡಿಸಿ. ಅದರೊಳಗೆ ಬಂದರೆ 27ನೇ ಕಲಮಿನ ಕಾರಣಗಳಲ್ಲಿ ಒಂದನ್ನಾದರೂ ತೋರಿಸಬೇಕು: ಬಾಕಿ ಕೇಳಿ ನೋಟಿಸು ಕೊಟ್ಟು 2 ತಿಂಗಳಾದರೂ ಕೊಡದಿರುವುದು, ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಟ್ಟಿರುವುದು, ಸ್ವಂತಕ್ಕೆ ಬೇಕಾಗಿರುವುದು ಹೀಗೆ. ವಿಧವೆಯರು, ಅಂಗವಿಕಲರು, 65 ದಾಟಿದವರು ಮಾಲೀಕರಾಗಿದ್ದರೆ ಆ ಕಾಯ್ದೆಯಲ್ಲಿ ಅವರಿಗೆ ಬೇಗ ಕಬ್ಜೆ ಪಡೆಯುವ ಪ್ರತ್ಯೇಕ ಅವಕಾಶವಿದೆ.

ವಾಟ್ಸಾಪಿನಲ್ಲಿ ಓಡಾಡುವ ಇನ್ನೊಂದು ಮಾತು: “ಹೊಸ ಕಾನೂನು ಬಂದಿದೆ, ಬಿಡದಿದ್ದರೆ ಎರಡು ಪಟ್ಟು, ನಾಲ್ಕು ಪಟ್ಟು ಬಾಡಿಗೆ.” ಅದು ಕೇಂದ್ರ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅಂಶ. ರಾಜ್ಯದ ವಿಧಾನಮಂಡಲ ಅದನ್ನು ಕಾನೂನಾಗಿ ಮಾಡುವ ತನಕ ಅದು ಬರೀ ಮಾದರಿ. ನೋಟಿಸಿನಲ್ಲಿ ಅದನ್ನು ಬರೆಸಿದರೆ ಎದುರು ವಕೀಲರಿಗೆ ನಿಮ್ಮ ನೋಟಿಸು ಹಗುರವಾಗಿ ಕಾಣುತ್ತದೆ.

ಪಾವತಿ ಕೊಡಲು ಹೆದರುವವರಿಗೆ

ಬಾಡಿಗೆಗೆ ಪಾವತಿ ಕೊಟ್ಟರೆ, ಕರಾರು ಮಾಡಿದರೆ ಬಾಡಿಗೆದಾರನ ಹಕ್ಕು ಗಟ್ಟಿಯಾಗುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಅದಕ್ಕೆ ಕಾರಣವೂ ಇದೆ. 1948ರ ಮುಂಬೈ ಕುಳ ಕಾಯ್ದೆ, ಆಮೇಲೆ 1974ರಲ್ಲಿ ತಿದ್ದುಪಡಿಯಾದ ನಮ್ಮ ಭೂಸುಧಾರಣೆ ಕಾಯ್ದೆ, ಇವುಗಳಿಂದ ಉಳುವವನಿಗೆ ಹೊಲ ಹೋಯಿತು. ಹೊಲ ಕಳೆದುಕೊಂಡ ಮನೆಗಳಲ್ಲಿ “ಕಾಗದದಾಗ ಹೆಸರು ಬರಬಾರದು” ಎಂಬ ಎಚ್ಚರಿಕೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂತು. ಆದರೆ ಆ ಕಾನೂನು ಸಾಗುವಳಿ ಜಮೀನಿನದು. ವಾಸದ ಮನೆ, ಅಂಗಡಿಯ ಬಾಡಿಗೆದಾರ ಎಷ್ಟು ವರ್ಷ ಇದ್ದರೂ ಮಾಲೀಕನಾಗುವುದಿಲ್ಲ. “12 ವರ್ಷ ಆದ್ರ ಮನಿ ಅವಂದ” ಎಂಬುದು ಸುಳ್ಳು. ಬಾಡಿಗೆ ಕೊಟ್ಟು ಒಳಗೆ ಬಂದವನು ಆ ಮಾಲೀಕನ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ; ಸಾಕ್ಷ್ಯ ಕಾನೂನು ಅದಕ್ಕೆ ಅಡ್ಡ ನಿಲ್ಲುತ್ತದೆ. 12 ವರ್ಷದ ಲೆಕ್ಕ ಇರುವುದು ಮಾಲೀಕನ ತಲೆಯ ಮೇಲೆ: ಬಾಡಿಗೆ ಸಂಬಂಧ ಮುಗಿದ ದಿನದಿಂದ 12 ವರ್ಷದೊಳಗೆ ಕಬ್ಜೆಗಾಗಿ ದಾವೆ ಹಾಕಬೇಕು.

ಪಾವತಿ ಇಲ್ಲದಿದ್ದರೆ ಕಷ್ಟ ಮಾಲೀಕನಿಗೇ. ಬಾಡಿಗೆದಾರ ಕೋರ್ಟಿನಲ್ಲಿ “ನಾನು ಬಾಡಿಗೆದಾರನೇ ಅಲ್ಲ, ಈ ಜಾಗ ನನಗೆ ಖರೀದಿಗೆ ಕೊಡುವ ಮಾತಾಗಿತ್ತು, 5 ಲಕ್ಷ ಕೊಟ್ಟಿದ್ದೇನೆ” ಎಂದು ನಿಂತರೆ ಬಾಡಿಗೆ ಸಂಬಂಧವನ್ನು ನೀವು ಸಾಬೀತುಮಾಡಬೇಕು. ಬಾಡಿಗೆಯನ್ನು ಬ್ಯಾಂಕ್ ಖಾತೆಗೋ ಫೋನ್‌ಪೇಗೋ ಹಾಕಿಸಿ, ಟಿಪ್ಪಣಿಯಲ್ಲಿ “ಜೂನ್ ಬಾಡಿಗೆ” ಎಂದು ಬರೆಯಲು ಹೇಳಿ. ನಗದು ಕೊಡುವವರಿಗೆ ಎರಡು ಪ್ರತಿಯ ಪಾವತಿ ಪುಸ್ತಕ ಇಟ್ಟು, ನಿಮ್ಮ ಪ್ರತಿಯಲ್ಲಿ ಅವರ ಸಹಿ ತೆಗೆದುಕೊಳ್ಳಿ. ಹಳೆಯ ಕರಾರು ಸಿಗದಿದ್ದರೆ ಬೇರೆ ಕಾಗದಗಳಲ್ಲಿ ಹುಡುಕಿ: ಬಾಡಿಗೆದಾರ ತನ್ನ ಅಂಗಡಿ ಲೈಸೆನ್ಸಿಗೆ ಪುರಸಭೆಗೆ ಕೊಟ್ಟ ಅರ್ಜಿ, ಜಿಎಸ್‌ಟಿ ನೋಂದಣಿಗೆ ಹಚ್ಚಿದ ನಿಮ್ಮ ಒಪ್ಪಿಗೆ ಪತ್ರ, ಗೃಹಜ್ಯೋತಿಗಾಗಿ ಬಾಡಿಗೆದಾರ ಎಂದು ಹೇಳಿಕೊಂಡ ದಾಖಲೆ. ಅಂದಹಾಗೆ, ಗೃಹಜ್ಯೋತಿಗೆ ಆಧಾರ್ ಜೋಡಿಸಿದರೆ ಮನೆ ಅವನ ಹೆಸರಿಗೆ ಹೋಗುತ್ತದೆ ಎಂದು 2023ರಲ್ಲಿ ಎಷ್ಟೋ ಮಾಲೀಕರು ಆರ್.ಆರ್. ನಂಬರ್ ಕೊಡಲಿಲ್ಲ. ಕರೆಂಟಿನ ಬಿಲ್ಲು ಯಾರಿಗೂ ಮನೆಯ ಹಕ್ಕು ತಂದುಕೊಡುವುದಿಲ್ಲ.

11 ತಿಂಗಳ ಕರಾರು ಯಾಕೆ ರೂಢಿಯಾಯಿತು ಎಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. 3 ವರ್ಷಕ್ಕೆಂದು ಬಾಂಡ್ ಮೇಲೆ ಬರೆದು ನೋಂದಣಿ ಮಾಡದೆ ಬಿಟ್ಟರೆ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ನೆಚ್ಚಿಕೊಳ್ಳಲಾಗದು. ಆಗ ಅದು ತಿಂಗಳಿನಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದೇ ಎಣಿಕೆ.

ನೋಟಿಸು

ಇಡೀ ಕೇಸು ನಿಲ್ಲುವುದು ಇದರ ಮೇಲೆ. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು. ಸಾಗುವಳಿಗೆ ಅಥವಾ ವಸ್ತು ತಯಾರಿಕೆಗೆ ಕೊಟ್ಟ ಜಾಗವಾದರೆ ಬೇರೆ ಕರಾರು ಇಲ್ಲದಾಗ 6 ತಿಂಗಳು. ಆದ್ದರಿಂದ ಬಾಡಿಗೆ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುವವರು, ಚಪ್ಪಲಿ ತಯಾರಿಸುವವರು ಇದ್ದರೆ ಕರಾರಿನ ಮಾತುಗಳನ್ನು ವಕೀಲರಿಗೆ ತೋರಿಸಿ, ಆಮೇಲೆ ದಿನ ಎಣಿಸಿ. ಮೊದಲು ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕೆಂಬ ಕಟ್ಟುನಿಟ್ಟು ಇತ್ತು, ಒಂದು ದಿನ ಹೆಚ್ಚುಕಡಿಮೆಯಾಗಿ ಎಷ್ಟೋ ದಾವೆಗಳು ಬಿದ್ದುಹೋದವು. 2002ರ ತಿದ್ದುಪಡಿ ಅದನ್ನು ತೆಗೆಯಿತು. ಈಗ ನೋಟಿಸು ಬಾಡಿಗೆದಾರನ ಕೈ ಸೇರಿದ ದಿನದಿಂದ 15 ದಿನ. ಅವಧಿ ತುಸು ಕಡಿಮೆ ಬರೆದಿದ್ದರೂ 15 ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ನೋಟಿಸು ನಿಲ್ಲುತ್ತದೆ.

ನೋಟಿಸಿನ ತಿರುಳು ನಾಲ್ಕೈದು ಸಾಲಿನದು: “ತಾವು ನನ್ನ ಮಾಲೀಕತ್ವದ ಕೆಳಕಂಡ ಮನೆಯಲ್ಲಿ ತಿಂಗಳಿಗೆ ರೂ. 4,000ದಂತೆ ಬಾಡಿಗೆದಾರರಾಗಿರುತ್ತೀರಿ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಬಾಡಿಗೆ ಬಾಕಿ ಇದೆ. ತಮ್ಮ ಬಾಡಿಗೆ ಸಂಬಂಧವನ್ನು ಈ ನೋಟಿಸಿನ ಮೂಲಕ ಕೊನೆಗೊಳಿಸಲಾಗಿದೆ. ನೋಟಿಸು ತಲುಪಿದ 15 ದಿನ ಮುಗಿದ ಕೂಡಲೇ ಮನೆಯ ಖಾಲಿ ಕಬ್ಜೆಯನ್ನು ನನಗೆ ಒಪ್ಪಿಸತಕ್ಕದ್ದು.” ಮೂರನೆಯ ವಾಕ್ಯವನ್ನು ಮರೆಯಬಾರದು. “ಬಾಕಿ ಕೊಡದಿದ್ದರೆ ಖಾಲಿ ಮಾಡಬೇಕಾಗುತ್ತದೆ” ಎಂದು ಬೆದರಿಸಿದರೆ ಅದು ಬಾಡಿಗೆ ಕೊನೆಗೊಳಿಸಿದ ನೋಟಿಸು ಆಗುವುದಿಲ್ಲ.

ಕೆಳಗೆ ಬರುವ ಆಸ್ತಿ ವಿವರದಲ್ಲಿ ಸಿ.ಟಿ.ಎಸ್. ನಂಬರ್, ಹಳ್ಳಿಯಾದರೆ ವಿ.ಪಿ.ಸಿ. ನಂಬರ್, ನಾಲ್ಕು ದಿಕ್ಕಿನ ಚೆಕ್ಕುಬಂದಿ ಉತಾರದಲ್ಲಿ ಇದ್ದಂತೆಯೇ ಬರಲಿ. ಮನೆಯ ಒಂದೇ ಭಾಗ ಬಾಡಿಗೆಗೆ ಕೊಟ್ಟಿದ್ದರೆ ಯಾವ ಖೋಲಿ, ಯಾವ ಬಾಜು ಎಂದು ನಕಾಶೆ ಹಚ್ಚಿ. ನಿಪ್ಪಾಣಿ, ಕಾಗವಾಡ ಹೊಸ ತಾಲ್ಲೂಕುಗಳಾದ್ದರಿಂದ ಹಳೆಯ ಕರಾರುಗಳಲ್ಲಿ ಚಿಕ್ಕೋಡಿ ತಾಲ್ಲೂಕು, ಅಥಣಿ ತಾಲ್ಲೂಕು ಎಂದಿರುತ್ತದೆ. “ಹಿಂದಿನ ಅಥಣಿ, ಈಗಿನ ಕಾಗವಾಡ ತಾಲ್ಲೂಕು” ಎಂದು ಒಂದು ಮಾತು ಸೇರಿಸಿದರೆ ಮುಂದೆ ಅಮೀನರು ಕಬ್ಜೆ ಕೊಡಿಸಲು ಬಂದಾಗ ಆಸ್ತಿ ಇದಲ್ಲ ಎಂಬ ತಂಟೆ ಇರುವುದಿಲ್ಲ.

ನೋಟಿಸನ್ನು ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಗಿರುವುದರಿಂದ ತಲುಪಿದ್ದಕ್ಕೆ ಪುರಾವೆ ಬೇಕೆಂದು ಕೌಂಟರಿನಲ್ಲೇ ಕೇಳಿ ಪಡೆಯಿರಿ. ಬಾಡಿಗೆದಾರ “ನಾನು ತಗೊಳ್ಳೂದಿಲ್ಲ” ಎಂದರೆ ಗಾಬರಿ ಬೇಡ. ಅಂಚೆಯವರು “ನಿರಾಕರಿಸಿದ್ದಾರೆ” ಎಂದು ಷರಾ ಬರೆದು ವಾಪಸು ತಂದ ಲಕೋಟೆ ನಿಮ್ಮ ಪಾಲಿಗೆ ಬೆಲೆಯುಳ್ಳದ್ದು. ಸರಿಯಾದ ವಿಳಾಸಕ್ಕೆ ಹೋದ ನೋಟಿಸು ತಲುಪಿದೆ ಎಂದೇ ಕಾನೂನು ಊಹಿಸುತ್ತದೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಡಿ. ಮನೆಯವರ ಕೈಗೆ ಕೊಡುವುದಕ್ಕೂ, ಅದು ಆಗದಿದ್ದರೆ ಬಾಗಿಲಿಗೆ ಅಂಟಿಸುವುದಕ್ಕೂ ಕಾಯ್ದೆಯಲ್ಲೇ ಅವಕಾಶವಿದೆ. ಅಂಟಿಸುವಾಗ ಇಬ್ಬರು ಪಂಚರು, ತಾರೀಖು ಕಾಣುವ ಫೋಟೊ ಇರಲಿ.

ಬಾಡಿಗೆದಾರ ತೀರಿಕೊಂಡು ಹೆಂಡತಿ, ಮಕ್ಕಳು ಒಳಗಿದ್ದರೆ ಅವರೆಲ್ಲ ಜಂಟಿ ಬಾಡಿಗೆದಾರರು. ಒಬ್ಬರಿಗೆ ಕೊಟ್ಟ ನೋಟಿಸೂ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದರೂ ಗೊತ್ತಿರುವ ಎಲ್ಲರ ಹೆಸರಿಗೂ ಕಳಿಸುವುದು ಕ್ಷೇಮ.

ನೋಟಿಸು ಕೊಟ್ಟ ಮೇಲೆ ಬರುವ ಹಣ

ಇಲ್ಲಿ ಬಹಳ ಜನ ಎಡವುತ್ತಾರೆ. ನೋಟಿಸು ಮುಟ್ಟಿದ ವಾರಕ್ಕೆ ಬಾಡಿಗೆದಾರ ಖಾತೆಗೆ 3 ತಿಂಗಳ ಬಾಡಿಗೆ ಹಾಕುತ್ತಾನೆ. ಮಾಲೀಕ ಖುಷಿಯಿಂದ ಹಳೆಯ ರೀತಿಯಲ್ಲೇ ಪಾವತಿ ಕೊಡುತ್ತಾನೆ. ಮುಂದೆ ಎದುರು ವಕೀಲರು “ನೋಟಿಸನ್ನು ಬಿಟ್ಟುಕೊಟ್ಟು ಬಾಡಿಗೆ ಮುಂದುವರಿಸಿದ್ದಾರೆ” ಎಂದು 113ನೇ ಕಲಂ ಹಿಡಿಯುತ್ತಾರೆ. ಬರೀ ಹಣ ತೆಗೆದುಕೊಂಡ ಮಾತ್ರಕ್ಕೆ ನೋಟಿಸು ಸಾಯುವುದಿಲ್ಲ, ಬಾಡಿಗೆ ಮುಂದುವರಿಸುವ ಉದ್ದೇಶ ಕಾಣಬೇಕು ಎಂದು 2006ರ ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ವಾದಕ್ಕೆ ಆಸ್ಪದ ಕೊಡುವುದೇಕೆ? ಹಣ ಬಂದ ದಿನವೇ ನಿಮ್ಮ ಮೊಬೈಲಿನಿಂದ, ಜತೆಗೆ ಅಂಚೆಯಲ್ಲೂ ಒಂದು ಉತ್ತರ ಕಳಿಸಿ: “ನೋಟಿಸಿನ ಹಕ್ಕಿಗೆ ಬಾಧೆ ಬಾರದಂತೆ ಈ ಹಣವನ್ನು ಬಾಕಿಗೂ, ಕಬ್ಜೆಯಲ್ಲಿ ಇದ್ದುದರ ನಷ್ಟಪರಿಹಾರಕ್ಕೂ ಜಮಾ ಮಾಡಿಕೊಂಡಿದ್ದೇನೆ.” ನೋಟಿಸಿನ ನಂತರ ಬಾಡಿಗೆ ಹೆಚ್ಚಿಸುವ ಮಾತು, ಇನ್ನೊಂದು 11 ತಿಂಗಳ ಮಾತು ಬಾಯಲ್ಲೂ ಬರಬಾರದು, ವಾಟ್ಸಾಪಿನಲ್ಲೂ ಬರಬಾರದು.

ನೋಟಿಸಿನ ಜತೆಗೇ ಮಾಡಬೇಕಾದ ಇನ್ನೊಂದು ಕೆಲಸ ಕೇವಿಯಟ್. ಬಾಡಿಗೆದಾರ ಮೊದಲೇ ಕೋರ್ಟಿಗೆ ಹೋಗಿ “ಮಾಲೀಕರು ಗೂಂಡಾಗಳನ್ನು ತಂದು ಹೊರಗೆ ಹಾಕಲು ನೋಡುತ್ತಿದ್ದಾರೆ” ಎಂದು ತಡೆಯಾಜ್ಞೆ ಕೇಳುವುದು ಮಾಮೂಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಲ್ಲಿ ಕೇವಿಯಟ್ ಹಾಕಿದರೆ 90 ದಿನ ನಿಮ್ಮನ್ನು ಕೇಳದೆ ಅಂಥ ಆಜ್ಞೆ ಆಗದು. ಒಂದುವೇಳೆ ತಡೆಯಾಜ್ಞೆ ಬಂದರೂ ಅದರ ಮಾತುಗಳನ್ನು ಓದಿ. “ಕಾನೂನು ರೀತ್ಯಾ ಅಲ್ಲದೆ ಹೊರಹಾಕಬಾರದು” ಎಂದಷ್ಟೇ ಇದ್ದರೆ ನಿಮ್ಮ ದಾರಿಗೆ ಅಡ್ಡಿಯಿಲ್ಲ. ನೀವು ಹೋಗುತ್ತಿರುವುದೇ ಆ ರೀತಿಯಲ್ಲಿ.

ದಾವೆಯ ಖರ್ಚಿನ ಬಗ್ಗೆ ಜನರಿಗಿರುವ ಭಯ ವಾಸ್ತವಕ್ಕಿಂತ ದೊಡ್ಡದು. ಬಾಡಿಗೆದಾರನನ್ನು ಬಿಡಿಸುವ ದಾವೆಗೆ ಕೋರ್ಟ್ ಫೀಯ ಲೆಕ್ಕ ಮನೆಯ ಪೇಟೆ ಬೆಲೆಯ ಮೇಲಲ್ಲ. ದಾವೆಯ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ. ಮನೆ 40 ಲಕ್ಷದ್ದಾದರೂ ಬಾಡಿಗೆ 4,000 ಇದ್ದರೆ ಲೆಕ್ಕ 48,000ದ ಮೇಲೆ, ಮುಂಗಡ ಪ್ರೀಮಿಯಂ ಇದ್ದರೆ ಅದೂ ಸೇರುತ್ತದೆ. ಬಾಕಿ ಬಾಡಿಗೆಯನ್ನೂ, ನೋಟಿಸಿನ ನಂತರ ಕೂತಿದ್ದಕ್ಕೆ ಪೇಟೆಯ ದರದಲ್ಲಿ ನಷ್ಟಪರಿಹಾರವನ್ನೂ ಅದೇ ದಾವೆಯಲ್ಲಿ ಕೇಳಲು ಮರೆಯಬೇಡಿ. ಪಕ್ಕದ ಅಂಗಡಿಗಳ ನೋಂದಾಯಿತ ಕರಾರುಗಳ ಪ್ರತಿ ಸಿಕ್ಕರೆ ಪೇಟೆಯ ದರಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮನೆ ಅಣ್ಣತಮ್ಮಂದಿರ ಹೆಸರಲ್ಲಿದ್ದು, ಒಬ್ಬ ಪುಣೆಯಲ್ಲಿ, ಇನ್ನೊಬ್ಬ ಮುಂಬೈಯಲ್ಲಿ ಇರುವುದು ನಮ್ಮ ಕಡೆ ಸಾಮಾನ್ಯ. ಉಳಿದವರ ವಿರೋಧ ಇಲ್ಲದಿದ್ದರೆ ಒಬ್ಬ ಪಾಲುದಾರನೇ ದಾವೆ ಹೂಡಬಹುದು. ಮುಖತ್ಯಾರ ಪತ್ರದ ಮೇಲೆ ಅಳಿಯನನ್ನೋ ಗುಮಾಸ್ತನನ್ನೋ ಸಾಕ್ಷಿಕಟ್ಟೆಗೆ ಹತ್ತಿಸುವುದು ಮಾತ್ರ ಬೇಡ. ಮಾಲೀಕನಿಗೇ ಗೊತ್ತಿರುವ ಸಂಗತಿಗಳನ್ನು ಅವನ ಬದಲಿಗೆ ಮುಖತ್ಯಾರನು ಹೇಳಲಾಗದು ಎಂದು ಜಾನಕಿ ವಾಶದೇವ್ ಭೋಜವಾನಿ ಪ್ರಕರಣದ ತೀರ್ಪಿದೆ. ಬಾಡಿಗೆ ಮಾತಾಡಿದವರು, ಹಣ ಎಣಿಸಿಕೊಂಡವರು ಯಾರೋ ಅವರೇ ಸಾಕ್ಷಿ ಹೇಳಬೇಕು.

ಡಿಕ್ರಿ ಬಂದ ಮೇಲೆ ಬಾಡಿಗೆದಾರ ಮೇಲ್ಮನವಿ ಹಾಕಿ ತಡೆ ಕೇಳುತ್ತಾನೆ. ಆಗ ನಿಮ್ಮ ವಕೀಲರು ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದ ತೀರ್ಪನ್ನು ತೋರಿಸಿ, ತಡೆ ಕೊಡುವುದಾದರೆ ಹಳೆಯ ಬಾಡಿಗೆಯಲ್ಲ, ಈಗಿನ ಪೇಟೆಯ ದರವನ್ನು ತಿಂಗಳು ತಿಂಗಳು ಕಟ್ಟಿಸಿಕೊಡಿ ಎಂದು ಕೇಳಬೇಕು. ಪುಕ್ಕಟೆ ಕೂರುವ ಅವಕಾಶ ತಪ್ಪಿದ ಕೂಡಲೇ ಎಷ್ಟೋ ಬಾಡಿಗೆದಾರರು ರಾಜಿಗೆ ಬರುತ್ತಾರೆ. ಅದಾದ ಮೇಲೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಎರಡನೆಯ ಮೇಲ್ಮನವಿ ಹೋಗಬೇಕಾದರೆ ಕಾನೂನಿನ ಗಂಭೀರ ಪ್ರಶ್ನೆಯೇ ಇರಬೇಕು. ಇನ್ನು ಡಿಕ್ರಿಯ ಜಾರಿ. ಬೆಂಗಳೂರಿನ ಆಸ್ತಿಯೊಂದರ ತಕರಾರಿನಿಂದ ಹುಟ್ಟಿದ ರಾಹುಲ್ ಶಾ ಪ್ರಕರಣದಲ್ಲಿ 2021ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್, ಜಾರಿ ಅರ್ಜಿಯನ್ನು 6 ತಿಂಗಳೊಳಗೆ ಮುಗಿಸಬೇಕು, ತಡವಾದರೆ ಕಾರಣ ಬರೆಯಬೇಕು ಎಂದು ನಿರ್ದೇಶಿಸಿತು. ವಾಯಿದೆ ಮೇಲೆ ವಾಯಿದೆ ಬೀಳುತ್ತಿದ್ದರೆ ಆ ತೀರ್ಪನ್ನು ಅರ್ಜಿಯಲ್ಲೇ ನಮೂದಿಸಿ.

ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲ ಬರಲಿ

ಊರ ಹಿರಿಯರು ಕೂತು ಬಗೆಹರಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ, ನಡೆಯಬೇಕು ಕೂಡ. ದೀಪಾವಳಿ ತನಕ ಇರಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂಬ ಮಾತಿಗೆ ಮನುಷ್ಯರಾದವರು ಒಪ್ಪುವುದು ಸಹಜ. ಕೊರತೆ ಇರುವುದು ಆ ಮಾತಿನ ಬಲದಲ್ಲಿ. ದೀಪಾವಳಿ ಹೋಗಿ ಯುಗಾದಿ ಬಂದರೂ ಬಿಡದಿದ್ದರೆ ಪಂಚರು ಏನೂ ಮಾಡಲಾರರು. ಅದೇ ರಾಜಿಯನ್ನು ಲೋಕ್ ಅದಾಲತ್‌ನಲ್ಲಿ ಬರೆಸಿದರೆ ಅದಕ್ಕೆ ಡಿಕ್ರಿಯ ಬೆಲೆ. ಮೇಲ್ಮನವಿ ಇಲ್ಲ, ತಾರೀಖು ಮೀರಿದರೆ ನೇರ ಜಾರಿ ಅರ್ಜಿ. ದಾವೆ ಹೂಡುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ವ್ಯಾಜ್ಯಪೂರ್ವ ಪ್ರಕರಣವಾಗಿಯೂ ಇದನ್ನು ಮಾಡಿಸಬಹುದು. ದಾವೆ ನಡೆಯುತ್ತಿದ್ದರೆ ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ.

ನಮ್ಮ ಕಡೆ ಗಂಡನನ್ನು ಕಳೆದುಕೊಂಡು ಒಂದು ಮನೆಯ ಬಾಡಿಗೆಯನ್ನೇ ನಂಬಿ ಬದುಕುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಇದನ್ನು ಒತ್ತಿ ಹೇಳಬೇಕು: ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಸರಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಪರಿಶಿಷ್ಟರಿಗೆ, ಅಂಗವಿಕಲರಿಗೆ, ನೆರೆ ಸಂತ್ರಸ್ತರಿಗೂ ಈ ಹಕ್ಕಿದೆ. ಸಹಾಯವಾಣಿ ಸಂಖ್ಯೆ 15100. ಬಾಡಿಗೆದಾರರ ಕಡೆಯವರಿಗೂ ಇದೇ ಹಕ್ಕಿದೆ, ಅದರ ಬಗ್ಗೆ ಕಹಿ ಬೇಡ.

ರಾಜಿಯಲ್ಲಿ ಒಂದಿಷ್ಟು ಬಿಟ್ಟುಕೊಡುವುದು ಸೋಲಲ್ಲ. ಎರಡು ತಿಂಗಳ ಬಾಕಿ ಬಿಟ್ಟು, ಸಾಮಾನು ಸಾಗಿಸುವ ಟೆಂಪೊ ಬಾಡಿಗೆ ಕೊಟ್ಟು ಕೀಲಿ ಈ ತಿಂಗಳೇ ಸಿಗುವುದಾದರೆ ಲೆಕ್ಕ ಹಾಕಿ ನೋಡಿ. ಆದರೆ ಡಿಪಾಜಿಟ್ಟನ್ನು ಮುಂಚೆಯೇ ಕೊಡಬೇಡಿ. ಮನೆ ಖಾಲಿಯಾಗಿ, ಕೀಲಿ ಕೈಗೆ ಬಂದ ಗಳಿಗೆಯಲ್ಲಿ, ಅದೇ ಜಾಗದಲ್ಲಿ ಕೊಡಿ.

ಆ ದಿನ ಖೋಲಿ ಖೋಲಿಯ ಫೋಟೊ ತೆಗೆಯಿರಿ, ಮೀಟರಿನ ಅಂಕಿ ಬರೆದುಕೊಳ್ಳಿ. “ಈ ದಿನ ಮನೆಯ ಖಾಲಿ ಕಬ್ಜೆಯನ್ನು ಮಾಲೀಕರಿಗೆ ಒಪ್ಪಿಸಿದ್ದೇನೆ, ನನ್ನ ಯಾವ ಸಾಮಾನೂ ಒಳಗೆ ಉಳಿದಿಲ್ಲ, ಡಿಪಾಜಿಟ್ ಮುಟ್ಟಿದೆ” ಎಂಬ ಪತ್ರಕ್ಕೆ ಬಾಡಿಗೆದಾರರ ಜತೆಗೆ ಮನೆಯಲ್ಲಿದ್ದ ದೊಡ್ಡವರ ಸಹಿಯನ್ನೂ ಹಾಕಿಸಿ. ಕೋರ್ಟಿನ ಅಮೀನರು ಬಂದು ಬಿಡಿಸಿದ ಮನೆಯಾದರೆ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಒಳಗೆ ಉಳಿದ ಸಾಮಾನಿನ ಯಾದಿಯನ್ನು ಅವರಿಂದಲೇ ಬರೆಸಿ, ಕೋರ್ಟ್ ಹೇಳುವ ತನಕ ಒಂದು ಪಾತ್ರೆಯನ್ನೂ ಅತ್ತಿತ್ತ ಮಾಡಬೇಡಿ. ಆಮೇಲೆ ಹೆಸ್ಕಾಂ ಕಚೇರಿಗೋ ಸೇವಾಸಿಂಧುಗೋ ಹೋಗಿ ಹಳೆಯ ಬಾಡಿಗೆದಾರರ ಆಧಾರ್ ಅನ್ನು ನಿಮ್ಮ ಆರ್.ಆರ್. ನಂಬರಿನಿಂದ ತೆಗೆಸಿ; ಅದು ಜೋಡಣೆಯಲ್ಲೇ ಉಳಿದರೆ ಹೊಸದಾಗಿ ಬರುವವರಿಗೆ ಗೃಹಜ್ಯೋತಿ ಸಿಗುವುದು ತಡವಾಗುತ್ತದೆ.